ಎರಡು ಬಾಟ್ಲಿ ಕೇಳ್ರಿ

ಹೋದ ತಿಂಗಳ ಹಿಟ್ಟಿನ ಗಿರಣ್ಯಾಗ ಜ್ವಾಳದ ಡಬ್ಬಿ ಇಟ್ಟು ಪಾಳಿ ಕಾಯ್ಕೊಂತ ನಿಂತಿದ್ದೆ. ನಮ್ಮ ಓಣಿಯಾಕಿ ಒಬ್ಬಾಕಿ ಬಾಜೂಕ ಬಂದು ಸಣ್ಣ ದನಿಲೆ, "ಅಕ್ಕಾರ, ನನ್ನ ಮಗನ ಕೊಳ್ಳಾಗ ಗಂಟು ಆಗೇತ್ರಿ. ನಾಡದ್ದು ಅದರಾಗಿಂದು ಒಂದು ತುಣುಕು ತಗೀತೀವಿ ಅಂದಾರ ಡಾಕ್ಟರು. ನಿಮ್ಮ ತಂಗಿ ಮಗಳಿಗೂ ಹಿಂಗ ಆಗಿತ್ತಲ್ರಿ?" ಅಂದ್ಲು. ಅಂಜಬ್ಯಾಡ ಅನ್ನಬೇಕಾಗಿತ್ತು ನಾನು. ಎಷ್ಟು ದಿನ ಆತು ಅಂತರ ಕೇಳಬೇಕಾಗಿತ್ತು. ಅದ್ಯಾವುದೂ ಬರಲಿಲ್ಲ. "ಆ ತುಣುಕು ಎಂಥಾ ಬಾಟ್ಲ್ಯಾಗ ಹಾಕ್ತಾರ ಕೇಳಿಯೇನು?" ಅಂತ ಅಂದೆ. ಅಕಿ ನನ್ನ ಮಾರಿ ಹಂಗ ನೋಡ್ಕೊಂತ ನಿಂತ್ಲು. ಇಕಿಗೇನು ತಲಿ ಕೆಟ್ಟೈತಿ ಅಂದಿರಬೇಕು ಮನಸಿನ್ಯಾಗ.

ಗಿರಣಿ ಸಪ್ಪಳದಾಗ ಅದನ್ನೆಲ್ಲ ಬಿಡಿಸಿ ಹೇಳಾಕ ಆಗೂದಿಲ್ಲ. ಸಂಜಿಮುಂದ ಅಕಿ ಮನಿಗೆ ಹೋಗಿ ಹೇಳಿ ಬಂದೆ. ಹೇಳಿ ಬಂದ ಮ್ಯಾಲೆ ಅನಿಸ್ತು, ನಿಮಗೂ ಒಮ್ಮೆ ಬರದು ಇಡೂಣು ಅಂತ. ತಂಗಿ ಮಗಳಿಗೆ ಕೇಳಿದೆ. "ಬರೀ ದೊಡ್ಡವ್ವ, ನನ್ನ ಹೆಸರು ಮಾತ್ರ ಹಾಕಬ್ಯಾಡ" ಅಂದ್ಲು. ಹಂಗಾಗಿ ಇಲ್ಲಿ ಅಕಿ ಬರೇ 'ಹುಡುಗಿ'.

2021ರ ಗಣಪತಿ ಹಬ್ಬದಾಗ ಸುರುವಾದದ್ದು. ಹುಡುಗಿಗೆ ಆಗ 23. ಕಡುಬು ತುಂಬಕೊಂತ ಕುಂತಾಗ ದವಡಿ ಕೆಳಗ ಕೈ ಆಡಿಸ್ಕೊಂಡು, ಇಲ್ಲಿ ಏನೋ ಐತಿ ನೋಡ್ರಿ ಅಂದ್ಲು. ಮುಟ್ಟಿದ್ರ ಒಂದು ಹುಣಸಿ ಬೀಜದಷ್ಟು. ನೋವಿಲ್ಲ, ಕೆಂಪಿಲ್ಲ. ನಮ್ಮ ತಂಗಿ ಸುಣ್ಣಾ ಅರಿಷಿಣ ಕಲಿಸಿ ಹಚ್ಚಿದ್ಲು. ದೀಪಾವಳಿ ಹೊತ್ತಿಗೆ ಅಡಿಕಿ ಗಾತ್ರ ಆಗಿತ್ತು. ಬಾಜೂಕ ಇನ್ನೊಂದು ಸಣ್ಣದು ಹುಟ್ಟಿತ್ತು. ಸಂಜಿ ಆದ್ರ ಮೈ ಸ್ವಲ್ಪ ಬೆಚ್ಚಗ ಅನಿಸೂದು, ರೊಟ್ಟಿ ಸೇರಲಾರದಂಗ ಆಗೂದು. ಆದ್ರ ಕೆಮ್ಮಿಲ್ಲ, ಕಫ ಇಲ್ಲ. ಟಿಬಿ ಅಂದ್ರ ನಮಗ ಗೊತ್ತಿದ್ದದ್ದು ಕೆಮ್ಮು, ರಕ್ತ ಬೀಳೂದು, ಸಿನಿಮಾದಾಗಿನ ಕೈವಸ್ತ್ರ. ಕೊಳ್ಳಾಗಿನ ಗಂಟೂ ಟಿಬಿ ಆಗಿರಬಹುದು, ಹಿಂದಿನವರು 'ಗಂಡಮಾಲೆ' ಅಂತಿದ್ದದ್ದು ಹೆಚ್ಚಾಗಿ ಇದನ್ನ ಅಂತ ತಿಳಿದದ್ದು ಭಾಳ ತಡಾ ಆಗಿ.

ಇಲ್ಲೆ ನನ್ನದೊಂದು ತಪ್ಪು ಒಪ್ಪಿಕೋಬೇಕು. ನಮ್ಮ ಮನ್ಯಾಗ ಒಂದು ಬಿಸ್ಕೀಟಿನ ಡಬ್ಬಿ ಐತಿ, ಉಳದ ಗುಳಿಗಿ ಹಾಕಿಡೂದು. ನಿಮ್ಮ ಮನ್ಯಾಗೂ ಇರತೈತಿ, ಇಲ್ಲ ಅನ್ನಬ್ಯಾಡ್ರಿ. ಅದರಾಗ ನಮ್ಮ ಯಜಮಾನರಿಗೆ ಯಾವಾಗಲೋ ಬರದು ಕೊಟ್ಟ ಲೆವೊಫ್ಲಾಕ್ಸಾಸಿನ್ ಅನ್ನೂ ಗುಳಿಗಿ ಐದು ಉಳಿದಿದ್ದುವು. ಹಿಂದಿನ ಕಡೆ ಕೆಂಪು ಗೆರಿ ಇತ್ತು, ಡಾಕ್ಟರ ಚೀಟಿ ಇಲ್ಲದ ತಗೋಬಾರದು ಅನ್ನೂ ಗುರ್ತು ಅದು. "ಸೋಂಕಿಗೆ ಇದು ಚಲೋ ಗುಳಿಗಿ" ಅಂತ ದಿನಾ ಒಂದರಂಗ ಐದು ದಿನ ಕೊಟ್ಟೆ. ಗಂಟು ಒಂದೀಟು ಇಳಿದಂಗ ಕಂಡು ನನಗ ಹೆಮ್ಮಿ ಬ್ಯಾರೆ. ಹತ್ತು ದಿನಕ್ಕ ಮತ್ತ ಮೊದಲಿನಂಗ ಆತು. ಈ ಗುಳಿಗಿ ಹೆಸರು ನೆನಪಿಡ್ರಿ, ಮುಂದ ಬರತೈತಿ.

ಆಮ್ಯಾಲೆ ಒಂದು ಖಾಸಗಿ ದವಾಖಾನಿಗೆ ಹೋದ್ವಿ. ಮೊದಲು ಸೂಜಿ ಹಾಕಿ ನೋಡಿದ್ರು, ಖಾತ್ರಿ ಆಗಲಿಲ್ಲ. ಡಿಸೆಂಬರದಾಗ ಕೊಯ್ದು ಒಂದು ತುಣುಕು ತಗದ್ರು. ಆಪರೇಷನ್ ಖೋಲಿ ಬಾಗಲದಾಗ ಒಬ್ಬ ಹುಡುಗ ಬಂದು ನನ್ನ ಕೈಯಾಗ ಒಂದು ಸಣ್ಣ ಪ್ಲಾಸ್ಟಿಕ್ ಬಾಟ್ಲಿ ಇಟ್ಟು, "ಎದುರಿಗಿನ ಲ್ಯಾಬಿಗೆ ಕೊಟ್ಟು ಬರ್ರಿ, ಮುಚ್ಚಳ ಗಟ್ಟಿ ಐತಿ" ಅಂದ. ಒಳಗ ನೀರಿನಂಗ ಕಾಣೂ ಔಷಧ, ಅದರ ತಳದಾಗ ಒಂದು ಬೆಳ್ಳಗಿನ ಚೂರು. ಮೂಗಿಗೆ ಚುರ್ ಅನ್ನೂ ವಾಸನಿ. ಸೆರಗಿನ್ಯಾಗ ಮುಚ್ಚಿಕೊಂಡು, ಯಾರಿಗೂ ಕಾಣಬಾರದು ಅಂತ, ರಸ್ತೆ ದಾಟಿ ಕೊಟ್ಟು ಬಂದೆ. ಒಂದ ಬಾಟ್ಲಿ. ನಾನ ಒಯ್ದು ಕೊಟ್ಟದ್ದು.

ಐದು ದಿನಕ್ಕ ವರದಿ ಬಂತು. ತುಣುಕಿನ ನಡುವ ಗಿಣ್ಣದಂಗ ಆಗೇತಿ, ಇದು ಟಿಬಿ ಲಕ್ಷಣ ಅಂದ್ರು. ನಾಕು ಔಷಧ ಕೂಡಿದ ಗುಳಿಗಿ, ಆರು ತಿಂಗಳು. ಮೊದಲ ದಿನ ಹುಡುಗಿ ಬಚ್ಚಲದಾಗಿಂದ ಚೀರಿಕೊಂಡು ಹೊರಗ ಬಂದ್ಲು, ಮೂತ್ರ ಕುಂಕುಮದ ನೀರಿನಂಗ ಕೆಂಪಗ ಹೋಗಿತ್ತು. ರಿಫಾಂಪಿಸಿನ್ ಅನ್ನೂ ಔಷಧದ ಬಣ್ಣ ಅದು, ಅಂಜೂದಲ್ಲ ಅಂತ ಫೋನಿನ್ಯಾಗ ಹೇಳಿದ್ರು. ಮೊದಲ ಹೇಳಿದ್ರ ಒಂದು ಚೀರಾಟ ತಪ್ತಿತ್ತು.

ಯಾರಿಗೂ ಹೇಳಬ್ಯಾಡ್ರಿ ಅಂತ ತಂಗಿ ಆಣಿ ಹಾಕಿಸಿದ್ಲು. ಲಗ್ನಕ್ಕ ನೋಡೂ ಹುಡುಗಿ. ನಮ್ಮಜ್ಜನ ತಂಗಿ ಒಬ್ಬಾಕಿನ್ನ ಕ್ಷಯ ಅಂತ ಹಿತ್ತಲ ಖೋಲ್ಯಾಗ ಇಟ್ಟು, ಗಂಗಾಳ ಚರಗಿ ಸೈತ ಬ್ಯಾರೆ ಮಾಡಿದ್ರು ಅಂತ ಅವ್ವ ಹೇಳ್ತಿದ್ಲು. ಆ ಅಂಜಿಕಿ ನಮ್ಮ ರಕ್ತದಾಗ ಐತಿ. ಖರೆ ಅಂದ್ರ ಬರೇ ಕೊಳ್ಳಾಗಿನ ಗಂಟಿನ ಟಿಬಿ ಇನ್ನೊಬ್ಬರಿಗೆ ಹತ್ತೂ ಜಾತಿದಲ್ಲ. ಹಬ್ಬೂದು ಪುಪ್ಪುಸದ್ದು, ಅದೂ ಕೆಮ್ಮಿದಾಗ ಗಾಳಿಲೆ, ಗಂಗಾಳದಿಂದ ಅಲ್ಲ. 1950ರ ದಶಕದಾಗ ಮದ್ರಾಸಿನ್ಯಾಗ ಪರೀಕ್ಷಾ ಮಾಡಿ, ಸರಿಯಾಗಿ ಔಷಧ ತಗೊಂಡ್ರ ಮನ್ಯಾಗ ಇದ್ದ ರೋಗಿನೂ ಆಸ್ಪತ್ರ್ಯಾಗ ಇದ್ದವರಂಗ ಆರಾಮ ಆಗ್ತಾರ, ಮನಿ ಮಂದಿಗೆ ಅದರಿಂದ ಹೆಚ್ಚಿನ ಧೋಕಾ ಇಲ್ಲ ಅಂತ ತೋರಿಸಿಕೊಟ್ಟಾರ. ನಾನು ಹುಟ್ಟೂಕಿಂತ ಮೊದಲಿನ ಮಾತದು. ಆದ್ರೂ ನಾವು 2022ರಾಗ ಬಾಗಲಾ ಹಾಕಿಕೊಂಡು ಗುಳಿಗಿ ನುಂಗಿಸ್ತಿದ್ವಿ.

ಮೂರನೇ ತಿಂಗಳಿಗೆ ಗಂಟು ಕರಗೂದು ಬಿಟ್ಟು ದೊಡ್ಡದಾತು. ಡಾಕ್ಟರು, "ಒಮ್ಮೊಮ್ಮೆ ಹಿಂಗ ಆಗತೈತಿ. ಔಷಧ ಹತ್ತಿ ರೋಗಾಣು ಸಾಯೂ ಮುಂದ ಮೈ ಅದಕ್ಕ ಸಿಟ್ಟಿಗೆದ್ದು ಬಾವು ಏರಸ್ತೈತಿ. ಕಾಯ್ರಿ" ಅಂದ್ರು. ಅವರು ಸುಳ್ಳು ಹೇಳಲಿಲ್ಲ, ಅದು ಖರೇನ ಆಗೂದು ಐತಿ ಅಂತ ಆಮ್ಯಾಲೆ ತಿಳೀತು. ನಮ್ಮ ಕಷ್ಟ ಏನಿತ್ತು ಅಂದ್ರ, ಔಷಧ ಹತ್ತಿ ಗಂಟು ಉಬ್ಬೇತೋ, ಔಷಧ ಹತ್ತಲಾರದ ಉಬ್ಬೇತೋ, ಹೊರಗಿಂದ ನೋಡಿದ್ರ ಎರಡೂ ಒಂದ ಕಾಣತಾವು. ಮೇ ತಿಂಗಳದಾಗ ಗಂಟು ಒಡದು ಕೀವು ಬಂತು. ಹುಡುಗಿ ಎಂಟು ಕಿಲೋ ಇಳಿದಿದ್ಲು.

ಆವಾಗ ಯಾರೋ ಹೇಳಿದ್ರು ಅಂತ ಸರಕಾರಿ ಟಿಬಿ ವಿಭಾಗಕ್ಕ ಹೋದ್ವಿ. ಅಲ್ಲಿನ ಡಾಕ್ಟರು ವಯಸ್ಸಿನ್ಯಾಗ ನಮ್ಮ ಮಗನಷ್ಟಿರಬೇಕು. ಫೈಲು ತಿರುವಿ ತಿರುವಿ ನೋಡಿ, "ಕಲ್ಚರ್ ರಿಪೋರ್ಟ್ ಎಲ್ಲಿ ಐತ್ರಿ ಅಮ್ಮಾರ?" ಅಂದ್ರು. ನಾನು ಗಿಣ್ಣದ ವರದಿ ಮುಂದ ಚಾಚಿದೆ. "ಇದು ಮಾಂಸದ ವರದಿ. ರೋಗಾಣುವಿಂದು ಬೇಕು" ಅಂದ್ರು. ತುಣುಕು ಯಾವುದರಾಗ ಹಾಕಿ ಕೊಟ್ಟಿದ್ರು ಅಂತ ಕೇಳಿದ್ರು. ಮೂಗಿಗೆ ಚುರ್ ಅನ್ನೂ ನೀರು ಅಂದೆ. ಅದು ಫಾರ್ಮಾಲಿನ್ ಅಂತ. ಅದರಾಗ ಹಾಕಿದ್ರ ಮಾಂಸ ಕೊಳಿಯೂದಿಲ್ಲ, ಪೆಥಾಲಜಿಯವರು ತೆಳ್ಳಗ ಹೆರದು ನೋಡಾಕ ಬರತೈತಿ, ಕ್ಯಾನ್ಸರ್ ಐತೋ ಏನು ಅಂತ ತಿಳಿಯಾಕ ಅದು ಬೇಕ ಬೇಕು. ಆದ್ರ ಅದರಾಗಿನ ರೋಗಾಣು ಸತ್ತ ಹೋಗ್ತಾವು. ಸತ್ತದ್ದನ್ನ ಬೆಳಸಾಕ ಬರೂದಿಲ್ಲ. ಉಪ್ಪಿನಕಾಯಾಗಿನ ಮಾವಿನ ವಾಟಿ ತಗದು ಹಿತ್ತಲದಾಗ ನೆಟ್ಟು, ಗಿಡ ಯಾಕ ಬರವಲ್ದು ಅಂತ ಕುಂತಂಗ ಆಗಿತ್ತು ನಮ್ಮ ಕತಿ. ತುಣುಕು ಎರಡು ಮಾಡಿ ಇನ್ನೊಂದನ್ನ ಬರೇ ಸಲೈನ್ ನೀರಿನ ಬಾಟ್ಲ್ಯಾಗ ಹಾಕಿ, ತಡಾ ಮಾಡದ ಟಿಬಿ ಲ್ಯಾಬಿಗೆ ಮುಟ್ಟಿಸಿದ್ರ ಐದು ತಿಂಗಳು ಉಳಿತಿತ್ತು. ಸಲೈನ್ ಏನು, ಸ್ವಚ್ಛ ಮಾಡಿದ ಉಪ್ಪಿನ ನೀರು. ಅದಕ್ಕ ಎಷ್ಟು ರೊಕ್ಕ ಬೀಳ್ತಿತ್ತು ಹೇಳ್ರಿ.

ಈ ಟಿಬಿ ರೋಗಾಣು ಹಿಡಿಯಾಕ ಯಾಕ ಇಷ್ಟು ತ್ರಾಸು ಅಂತ ಅವತ್ತಿನಿಂದ ನಾನು ಕಂಡಕಂಡವರಿಗೆ ಕೇಳಿ ತಿಳ್ಕೊಂಡೀನಿ. 1882ರ ಮಾರ್ಚ್ 24ಕ್ಕ ರಾಬರ್ಟ್ ಕಾಖ್ ಅನ್ನೂ ಜರ್ಮನಿ ಡಾಕ್ಟರು ಇದನ್ನ ಮೊದಲ ಸಲ ತೋರಿಸಿದ್ರು, ಅದಕ್ಕ ಈಗೂ ಮಾರ್ಚ್ 24ಕ್ಕ ಟಿಬಿ ದಿನಾ ಮಾಡ್ತಾರ. ಇದರ ಮೈಮ್ಯಾಲೆ ಮೇಣದಂಥಾ ಪದರ ಐತಿ. ಸಾದಾ ಬಣ್ಣ ಇದಕ್ಕ ಹತ್ತೂದಿಲ್ಲ. ಕೆಂಪು ಬಣ್ಣ ಹಾಕಿ, ಕಾಸಿ ಹತ್ತಿಸಬೇಕು. ಹತ್ತಿದ ಮ್ಯಾಲೆ ಆಸಿಡ್ ಹಾಕಿ ತೊಳದ್ರೂ ಬಿಡೂದಿಲ್ಲ. ಹಂಗ ಬಣ್ಣ ಬಿಡಲಾರದ್ದನ್ನ ನೋಡಿ ಗುರ್ತು ಹಿಡೀತಾರ. ಆದ್ರ ಒಂದು ಮಿಲಿಲೀಟರ್ ಕಫದಾಗ ಹತ್ತು ಸಾವಿರದ ಆಸುಪಾಸು ಇದ್ರ ಮಾತ್ರ ಸೂಕ್ಷ್ಮದರ್ಶಕದಾಗ ಕಣ್ಣಿಗೆ ಬೀಳ್ತಾವು. ಗಂಟಿನ್ಯಾಗ ಅಷ್ಟು ಇರೂದಿಲ್ಲ, ಎಲ್ಲೋ ಒಂದೊಂದು ಅಡಗಿ ಕುಂತಿರತಾವು.

ಇನ್ನ ಬೆಳಸೂದು. ನಾವು ರಾತ್ರಿ ಹೆಪ್ಪು ಹಾಕಿದ್ರ ಮುಂಜಾನೆ ಮೊಸರು, ಅದೂ ಬ್ಯಾಕ್ಟೀರಿಯಾನ ಬೆಳೆಯೂದು. ನಮ್ಮ ಕರಳಿನಾಗಿನ ಸಾದಾ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರ 20 ನಿಮಿಷಕ್ಕ ಒಂದು ಹೋಗಿ ಎರಡು ಆಗತಾವು. ಟಿಬಿದು ಒಂದು ಎರಡಾಗಾಕ ಸುಮಾರು 20 ತಾಸು ತಗೋತೈತಿ. ಇಂಥಾ ಮೈಗಳ್ಳಗ ಹೆಪ್ಪು ಹಾಕಿ ಆರು ವಾರ, ಎಂಟು ವಾರ ಕಾಯಬೇಕು. ಹಳೇ ಪದ್ಧತಿಯೊಳಗ ಅದನ್ನ ಬೆಳಸೂದು ಯಾತರ ಮ್ಯಾಲೆ ಗೊತ್ತೇನ್ರಿ? ಕೋಳಿ ತತ್ತಿ ಒಡದು, ಗ್ಲಿಸರಿನ್ನು, ಹಸಿರು ಬಣ್ಣ ಕಲಿಸಿ, ಗಾಜಿನ ನಳಿಗ್ಯಾಗ ಓರೆ ಇಟ್ಟು ಬಿಸಿ ಮಾಡಿ ಗಟ್ಟಿ ಮಾಡಿದ್ರ ಮ್ಯಾಲೆ. ತತ್ತಿ ಹೆಸರು ಎತ್ತಲಾರದ ಮನಿ ನಮ್ಮದು. ಹುಡುಗಿ ನಗಕೋಂತ, "ದೊಡ್ಡವ್ವ, ನಾ ತಿನ್ನೂಕಿಂತ ಮೊದಲ ನನ್ನ ರೋಗಾಣು ತತ್ತಿ ತಿಂತು ನೋಡು" ಅಂದ್ಲು. ಈಗ ದ್ರವದಾಗ ಬೆಳಸೂ ಮಷಿನ್ ಬಂದಾವು, ಸ್ವಲ್ಪ ಲಗೂನ ತಿಳೀತೈತಿ, ಆದ್ರೂ ವಾರಗಟ್ಟಲೆ ಬೇಕು.

ಅವತ್ತ ಆ ಡಾಕ್ಟರು ಸೂಜಿಲೆ ಕೀವು ಎಳಕೊಂಡು ಎರಡು ಪಾಲು ಮಾಡಿದ್ರು. ಒಂದು ಕಲ್ಚರಿಗೆ. ಇನ್ನೊಂದು ಸಿಬಿ-ನಾಟ್ ಅನ್ನೂ ಮಷಿನ್ನಿಗೆ. ಇದು ರೋಗಾಣುವಿನ ಜೀನ್ ಹುಡುಕಿ ನೋಡೂ ಯಂತ್ರ. ಬೆಳೆಯೂತನಕ ಕಾಯೂದು ಬ್ಯಾಡ, ಎರಡು ತಾಸಿನ್ಯಾಗ ಟಿಬಿ ಐತೋ ಇಲ್ಲೋ, ರಿಫಾಂಪಿಸಿನ್ ಅದಕ್ಕ ಹತ್ತತೈತೋ ಇಲ್ಲೋ ಎರಡೂ ಹೇಳತೈತಿ. ಇಂಥಾದ ಕೆಲಸ ಮಾಡೂ, ಬ್ಯಾಟರಿ ಮ್ಯಾಲೆ ನಡಿಯೂ ಟ್ರೂನಾಟ್ ಅನ್ನೂ ಸಣ್ಣ ಮಷಿನ್ ನಮ್ಮ ಮಗ್ಗಲದ ಗೋವಾದ ಕಂಪನಿಯವರ ಮಾಡ್ಯಾರ, ಸಣ್ಣ ಊರಿನ ದವಾಖಾನ್ಯಾಗೂ ಇಡಾಕ ಬರತೈತಿ. ಸರಕಾರಿ ಕಡೆ ಈ ಪರೀಕ್ಷಾ ಪುಕ್ಕಟೆ.

ಮಧ್ಯಾಹ್ನ ಊಟದ ಹೊತ್ತಿಗೆ ಕರದು ಹೇಳಿದ್ರು. ಟಿಬಿ ಐತಿ. ರಿಫಾಂಪಿಸಿನ್ ಹತ್ತೂದಿಲ್ಲ. ಐದು ತಿಂಗಳು ಮೂತ್ರ ಕೆಂಪಗ ಮಾಡಿದ ಔಷಧ, ನಾಕರಾಗ ಮುಖ್ಯ ಅದ, ರೋಗಾಣುವಿಗೆ ಏನೂ ಮಾಡಿರಲಿಲ್ಲ.

ಔಷಧ ಯಾಕ ಹತ್ತೂದಿಲ್ಲ ಅನ್ನೂದನ್ನ ನಾನು ತಪ್ಪು ತಿಳಿದಿದ್ದೆ. ನಮ್ಮ ಮೈಗೆ ಔಷಧ ರೂಢಿ ಆಗಿಬಿಡತೈತಿ ಅಂದ್ಕೊಂಡಿದ್ದೆ. ಮೈಗಲ್ಲ, ಬದಲಾಗೂದು ರೋಗಾಣು. ಕೋಟಿಗಟ್ಟಲೆ ರೋಗಾಣುದಾಗ ಎಲ್ಲೋ ಒಂದೆರಡು ಹುಟ್ಟತಲೇನ ಒಂದು ಔಷಧಕ್ಕ ಜಗ್ಗಲಾರದ್ದು ಇರತಾವು. ಆ ಒಂದ ಔಷಧ ಕೊಟ್ರ ಉಳದದ್ದೆಲ್ಲ ಸತ್ತು ಅವಕ್ಕ ಜಾಗಾ ಖಾಲಿ ಆಗತೈತಿ, ಅವ ಬೆಳದು ತುಂಬಿಕೋತಾವು. 1940ರ ದಶಕದಾಗ ಸ್ಟ್ರೆಪ್ಟೊಮೈಸಿನ್ ಬಂದಾಗ ಹಂಗ ಆತಂತ. ರೋಗಿಗಳು ಎದ್ದು ಕುಂತ್ರು, ಕೆಲವು ತಿಂಗಳಿಗೆ ಭಾಳ ಮಂದಿ ಮತ್ತ ಮಲಗಿದ್ರು. ಅವತ್ತಿನಿಂದ ಟಿಬಿಗೆ ಒಂದ ಔಷಧ ಯಾವತ್ತೂ ಕೊಡೂದಿಲ್ಲ, ಮೂರು ನಾಕು ಕೂಡಿಸೇ ಕೊಡೂದು. ಒಂದಕ್ಕ ಜಗ್ಗಲಾರದ್ದು ಇನ್ನೊಂದಕ್ಕ ಸಿಗಲಿ ಅಂತ.

ನಮ್ಮ ಹುಡುಗಿಗೆ ಗುಳಿಗಿ ತಪ್ಪಿಸಿದ್ದಕ್ಕ ಹಿಂಗ ಆತೇನು ಅಂತ ತಂಗಿ ಅಳಕೊಂತ ಕೇಳಿದ್ಲು. ಒಂದು ದಿನಾನೂ ತಪ್ಪಿಸಿರಲಿಲ್ಲ ಅಕಿ. ಬಸ್ಸಿನ್ಯಾಗೋ, ಕೆಲಸದ ಜಾಗಾದಾಗೋ ಯಾರದೋ ಕೆಮ್ಮಿನಿಂದ ಮೊದಲ ಇಂಥಾ ಜಗಮೊಂಡ ರೋಗಾಣುನ ಬಂದಿರಬೇಕು, ಈಗ ಹೆಚ್ಚಿನವರಿಗೆ ಹಂಗ ಬರತೈತಿ ಅಂದ್ರು ಡಾಕ್ಟರು. ಆಮ್ಯಾಲೆ ಹೊಸಾ ಔಷಧದ ಪಟ್ಟಿ ಬರದ್ರು. ಬೆಡಾಕ್ವಿಲಿನ್, ಲೈನಿಜೊಲಿಡ್, ಕ್ಲೊಫಾಜಿಮಿನ್, ಸೈಕ್ಲೊಸೆರಿನ್. ಮತ್ತ ಲೆವೊಫ್ಲಾಕ್ಸಾಸಿನ್.

ಆ ಹೆಸರು ಓದಿ ನನ್ನ ಕೈ ತಣ್ಣಗಾತು. ಬಿಸ್ಕೀಟಿನ ಡಬ್ಬ್ಯಾಗಿಂದು. ಪೆಪ್ಪರಮೆಂಟಿನಂಗ ಐದು ದಿನ ಕೊಟ್ಟದ್ದು. ಈ ಹುಡುಗಿ ಕಡೆ ಉಳದ ಐದು ಆಯುಧದಾಗ ಅದೂ ಒಂದು ಅಂತ ನನಗೇನು ಗೊತ್ತಿತ್ತು? ಬಾಯಿ ಬಿಟ್ಟು ಹೇಳಿದೆ ಡಾಕ್ಟರ ಮುಂದ. ಬೈತಾರ ಅಂದ್ಕೊಂಡಿದ್ದೆ. "ಐದು ದಿನಕ್ಕ ಹಾಳಾಗಿರತೈತಿ ಅಂತ ಹೇಳಾಕ ಬರೂದಿಲ್ಲ, ಆಗಿಲ್ಲ ಅಂತನೂ ಹೇಳೂದಿಲ್ಲ. ಈ ಜಾತಿ ಗುಳಿಗಿ ಒಂದನ್ನ ಕೊಟ್ರ ಟಿಬಿ ಸ್ವಲ್ಪ ದಿನ ಅಡಗತೈತಿ, ಮಂದಿ ಆರಾಮ ಆತು ಅಂತ ಸುಮ್ಮನಾಗ್ತಾರ, ಗುರ್ತು ಹಿಡಿಯೂದು ತಡಾ ಆಗತೈತಿ. ಕಲ್ಚರ್ ಬೆಳೀಲಿ, ಈ ಔಷಧಕ್ಕ ಅದು ಬಗ್ಗತೈತೋ ಇಲ್ಲೋ ಪರೀಕ್ಷಾ ಮಾಡ್ತಾರ" ಅಂದ್ರು.

ಐದು ವಾರ. ಅದರಾಗ ಒಂದು ದಿನಾನೂ ನಾನು ನೆಟ್ಟಗ ನಿದ್ದಿ ಮಾಡಲಿಲ್ಲ. ತಂಗಿಗೆ ಈ ಗುಳಿಗಿ ಮಾತು ಹೇಳಿರಲಿಲ್ಲ, ಹುಡುಗಿಗೂ ಹೇಳಿರಲಿಲ್ಲ. ಬಿಸ್ಕೀಟಿನ ಡಬ್ಬಿ ಖಾಲಿ ಮಾಡಿ, ಅದರಾಗ ಈಗ ಸೂಜಿ ದಾರ ಹಾಕಿಟ್ಟೀನಿ. ವರದಿ ಬಂದ ದಿನ ಡಾಕ್ಟರು ತಾವ ಫೋನ್ ಮಾಡಿ, "ಅಮ್ಮಾರ, ನಿಮ್ಮ ಗುಳಿಗಿ ಕೆಲಸ ಮಾಡತೈತಿ" ಅಂದ್ರು. ಅವತ್ತ ತಂಗಿಗೆ ಹೇಳಿದೆ. ಅಕಿ ಎರಡು ದಿನ ನನ್ನ ಕೂಡ ಮಾತಾಡಲಿಲ್ಲ.

20 ತಿಂಗಳು ನಡೀತು ಔಷಧ. ತಿಂಗಳಾ ರಕ್ತ ಪರೀಕ್ಷಾ, ಎದಿಗೆ ವೈರು ಹಚ್ಚಿ ಇಸಿಜಿ. ಲೈನಿಜೊಲಿಡ್ಡಿನಿಂದ ಅಂಗಾಲು ಉರೀತಿದ್ದುವು, ಅದರ ಪ್ರಮಾಣ ಇಳಿಸಿದ್ರು. ತತ್ತಿ ತಿನ್ನಿಸ್ರಿ ಅಂದ್ರು. ತಂಗಿ ಹಿತ್ತಲದಾಗ ಬ್ಯಾರೆ ಬೋಗುಣಿ ಇಟ್ಟು ಕುದಿಸಿ ಕೊಟ್ಲು. ಸರಕಾರದವರು ನಿಕ್ಷಯ್ ಪೋಷಣ್ ಅಂತ ಆಗ ತಿಂಗಳಿಗೆ 500 ರೂಪಾಯಿ ಖಾತೇಕ್ಕ ಹಾಕ್ತಿದ್ರು, 2024ರ ನವೆಂಬರದಿಂದ 1000 ಆಗೇತಿ. ಅತ್ತಿ ಕೇಳಿದ್ರ "ಸರಕಾರ ರೊಕ್ಕ ಕೊಟ್ಟು ತಿನ್ನಂದೈತಿ" ಅಂತ ಹೇಳ್ತಿದ್ಲು ನಮ್ಮ ತಂಗಿ.

ಎಲ್ಲಾಕಿಂತ ಬಿರಿ ಆದದ್ದು ಕ್ಲೊಫಾಜಿಮಿನ್. ಅದು ಮೈ ಬಣ್ಣ ಕಪ್ಪು ಮಾಡತೈತಿ. ನಾಕನೇ ತಿಂಗಳಿಗೆ ಮಾರಿ, ಕೈ ಎಲ್ಲಾ ಕಂದು ತಿರುಗಿದುವು. ಯಾರದೋ ಲಗ್ನದಾಗ ಒಬ್ಬಾಕಿ "ಅಯ್ಯ, ಎಂಥಾ ಬಣ್ಣದ ಹುಡುಗಿ, ಯಾಕ ಹಿಂಗ ಬಾಡಿ ಕಪ್ಪಾದ್ಲು?" ಅಂತ ಎಲ್ಲಾರ ಮುಂದ ಅಂದ್ಲು. ಅವತ್ತಿನಿಂದ ಹುಡುಗಿ ಯಾವ ಕಾರ್ಯಕ್ಕೂ ಹೋಗಲಿಲ್ಲ. ಹನ್ನೊಂದನೇ ತಿಂಗಳದಾಗ ತಂಗಿ ದಾಸವಾಳದ ಕುಂಡ್ಯಾಗಿನ ಮಣ್ಣು ಬದಲಿ ಮಾಡೂ ಮುಂದ ಒಳಗ ಗುಳಿಗಿ ಸಿಕ್ಕುವು, ಒಂಬತ್ತು. ನನ್ನ ಕರಸಿದ್ಲು. ನಾನು ದೊಡ್ಡ ದೊಡ್ಡ ಮಾತು ಸುರು ಮಾಡಿದೆ. ಹುಡುಗಿ, "ದೊಡ್ಡವ್ವ, ಕಪ್ಪಾಗಾಕತ್ತಾಕಿ ನೀ ಅಲ್ಲ" ಅಂದ್ಲು. ಅದಕ್ಕ ನನ್ನ ಕಡೆ ಉತ್ತರ ಇರಲಿಲ್ಲ, ಈಗೂ ಇಲ್ಲ. ಮರುದಿನ ಡಾಕ್ಟರ ಕಡೆ ಕರಕೊಂಡು ಹೋದ್ವಿ. ಅವರು ಗದರಿಸಲಿಲ್ಲ. ಎಷ್ಟು ಗುಳಿಗಿ, ಯಾವು ಯಾವು ಅಂತ ಎಣಿಸಿ ಬರಕೊಂಡ್ರು. ಔಷಧ ಮುಗಿದ ಮ್ಯಾಲೆ ಬಣ್ಣ ನಿಧಾನಕ್ಕ ವಾಪಸ್ ಬರತೈತಿ, ಒಂದೆರಡು ವರ್ಷ ಹಿಡಿಬಹುದು ಅಂದ್ರು. ಖರೇನ ಬಂತು, ಈಗ ಅಕಿ ಮೊದಲಿನಂಗ ಅದಾಳ. 2024ರ ಫೆಬ್ರುವರಿಯೊಳಗ ಔಷಧ ಮುಗೀತು. ಅದ ವರ್ಷ ಸಪ್ಟೆಂಬರದಾಗ ಇಂಥಾ ಟಿಬಿಗೆ ಆರ ತಿಂಗಳದಾಗ ಮುಗಿಯೂ ಹೊಸಾ ಚಿಕಿತ್ಸಾ ನಮ್ಮ ದೇಶದಾಗ ಮಂಜೂರಾತು, ಕಪ್ಪು ಮಾಡೂ ಗುಳಿಗಿ ಅದರಾಗ ಇಲ್ಲ. ಪೇಪರಿನ್ಯಾಗ ಓದಿ ಹುಡುಗಿ ಪೇಪರ್ ಮಡಚಿ ಇಟ್ಟು ಚಾ ಮಾಡಾಕ ಎದ್ದು ಹೋದ್ಲು.

ಈ ಬಾಟ್ಲಿ ಮಾತು ಬರೇ ಟಿಬಿಗಲ್ಲ. ನಮ್ಮ ಹೆಣ್ಣಮಕ್ಕಳಿಗೆ ಉರಿಮೂತ್ರ ಆಗೂದು ಹೊಸಾದೇನಲ್ಲ. ಮೆಡಿಕಲ್ ಅಂಗಡ್ಯಾಗ ಎರಡು ಗುಳಿಗಿ ತಗೊಂಡು, ಕಡಿಮಿ ಆಗಲಿಲ್ಲ ಅಂದ ಮ್ಯಾಲೆ ಮೂತ್ರ ಪರೀಕ್ಷಾಕ್ಕ ಹೋಗ್ತೀವಿ. ಅಷ್ಟರಾಗ ಆ ಗುಳಿಗಿ ರೋಗಾಣುನ್ನ ಅರ್ಧಾ ಮುಚ್ಚಿಟ್ಟಿರತೈತಿ, ಕಲ್ಚರಿನ್ಯಾಗ ಬೆಳೆಯೂದಿಲ್ಲ, ವರದಿಯೊಳಗ ಏನೂ ಇಲ್ಲ ಅಂತ ಬರತೈತಿ, ಉರಿ ಮಾತ್ರ ಹಂಗ ಇರತೈತಿ. ಮೊದಲನೇ ಗುಳಿಗಿ ನುಂಗೂಕಿಂತ ಮೊದಲ ಕೊಡಬೇಕು. ಸ್ವಚ್ಛ ತೊಳಕೊಂಡು, ಮೊದಲಿನ ಧಾರಿ ಬಿಟ್ಟು ನಡುವಿಂದು ಹಿಡಿಬೇಕು. ವರದಿಯೊಳಗ ಔಷಧದ ಹೆಸರಿನ ಮುಂದ ಎಸ್ ಅಂತ ಇದ್ರ ಹತ್ತತೈತಿ, ಆರ್ ಅಂತ ಇದ್ರ ಹತ್ತೂದಿಲ್ಲ. ಇಷ್ಟು ಓದಾಕ ಡಾಕ್ಟರಕಿ ಕಲಿಬೇಕಾಗಿಲ್ಲ.

ಗಿರಣಿಯಾಕಿ ಮರುದಿನ ದವಾಖಾನಿಗೆ ಹೋಗಿ ಕೇಳಿದ್ಲಂತ. ಡಾಕ್ಟರು ಮಾರಿ ಸಣ್ಣದು ಮಾಡಿ, "ನಮಗೂ ಗೊತ್ತೈತ್ರಿ, ಎರಡೂ ಬಾಟ್ಲ್ಯಾಗ ಹಾಕ್ತೀವಿ" ಅಂದ್ರಂತ. ಗೊತ್ತಿದ್ರ ಚಲೋನ ಆತು. ಸಲೈನ್ ಬಾಟ್ಲಿ ಐಸಿನ ಡಬ್ಬ್ಯಾಗ ಇಟ್ಟು ಅಕಿ ಗಂಡ ತಾನ ಗಾಡಿ ಮ್ಯಾಲೆ ಟಿಬಿ ಲ್ಯಾಬಿಗೆ ಒಯ್ದು ಮುಟ್ಟಿಸ್ಯಾನ. ಮಷಿನ್ನಿಂದು ಅವತ್ತ ಸಂಜಿಗೆ ಬಂತು. ಟಿಬಿ ಐತಿ, ರಿಫಾಂಪಿಸಿನ್ ಹತ್ತತೈತಿ. ಹುಡುಗಗ ಆರು ತಿಂಗಳ ಗುಳಿಗಿ ಸುರುವಾಗ್ಯಾವು. ಮೂತ್ರ ಕೆಂಪಗ ಹೋಗತೈತಿ ಅಂತ ನಾನ ಮೊದಲ ಹೇಳಿಟ್ಟಿದ್ದೆ. ಕಲ್ಚರಿನ ವರದಿಗೆ ಇನ್ನೂ ಮೂರು ವಾರ ಐತಿ.